ಒಂದೇ ದಾರಿ, ಎರಡು ಕಾರು: ಕಲ್ಪೆಟ್ಟದಿಂದ ಬೆಳಗೊಳಕ್ಕೆ

ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿದೆ. ಮನೆಗೆ ಹೊಸ ವಾಹನ ಬಂದರೆ ಅದರ ಮೊದಲ ದೂರಪ್ರಯಾಣ ಶ್ರವಣಬೆಳಗೊಳಕ್ಕೇ ಆಗಬೇಕು. ತಂದೆಯವರು 1978ರಲ್ಲಿ ಅಂಬಾಸಿಡರ್ ಕಾರು ಕೊಂಡು, ಕೋಳಿಕ್ಕೋಡಿನಿಂದ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಹತ್ತಿಸಿಕೊಂಡು ಕಲ್ಪೆಟ್ಟಕ್ಕೆ ತಂದಾಗ ಹಾಗೆಯೇ ನಡೆಯಿತು. 2025ರ ದೀಪಾವಳಿಯಲ್ಲಿ, ಭಗವಾನ್ ಮಹಾವೀರರ ನಿರ್ವಾಣಪೂಜೆ ಮುಗಿದ ಮಾರನೆಯ ದಿನ, ನನ್ನ ಮಗ ಮಾರುತಿ ಸುಜುಕಿ ಡಿಜೈರ್ ತಂದು ಅಂಗಳದಲ್ಲಿ ನಿಲ್ಲಿಸಿದ. ಆಗಲೂ ಅಮ್ಮ ಕೇಳಿದ ಮೊದಲ ಮಾತು, "ಬೆಳಗೊಳಕ್ಕೆ ಯಾವತ್ತು ಹೊರಡುವುದು?" ಎಂಬುದೇ.

ಆದರೆ ತಂದೆಯವರು ಬೇರೆ ಮಾತು ತೆಗೆದರು. ಬಹಳ ವರ್ಷಗಳ ಹಿಂದೆ ಅವರು ಮುನಿಗಳ ಸಮ್ಮುಖದಲ್ಲಿ ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿದವರು. ಹೊಲ, ಮನೆ, ಬಂಗಾರ, ಪಾತ್ರೆ ಎಲ್ಲಕ್ಕೂ ಮಿತಿ ಹಾಕಿಕೊಂಡಾಗ ವಾಹನಕ್ಕೂ ಹಾಕಿಕೊಂಡಿದ್ದರು: ಮನೆಗೆ ಒಂದೇ ವಾಹನ. ಅಂಗಳದಲ್ಲಿ ಈಗ ಎರಡು ನಿಂತಿವೆ. "ಇದನ್ನು ಕೊಂಡವನು ನಾನು, ನಿಮ್ಮ ವ್ರತಕ್ಕೆ ಇದರಿಂದ ಬಾಧೆಯಿಲ್ಲ ಅಜ್ಜ" ಎಂದು ನನ್ನ ಮಗ ಸಮಾಧಾನ ಹೇಳಿದ. ತಂದೆಯವರು ಒಪ್ಪಲಿಲ್ಲ. "ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು, ಮೂರೂ ಒಂದೇ ಖಾತೆಗೆ ಬರುತ್ತವೆ. ಬೆಳಗೊಳಕ್ಕೆ ಎರಡನ್ನೂ ತೆಗೆದುಕೊಂಡು ಹೋಗೋಣ. ಹಿಂತಿರುಗಿ ಬಂದ ಮೇಲೆ ಒಂದೇ ಇರಲಿ. ಯಾವುದು ಎಂಬುದನ್ನು ದಾರಿಯಲ್ಲಿ ನೋಡೋಣ" ಎಂದರು.

ಹೀಗೆ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಎರಡು ಕಾರುಗಳಲ್ಲಿ ನಾವು ಏಳು ಜನ ಹೊರಟೆವು. ಅಂಬಾಸಿಡರಿನಲ್ಲಿ ನಾನು, 84 ವರ್ಷದ ತಂದೆಯವರು, ಅಮ್ಮ, ನನ್ನ ಶ್ರೀಮತಿ. ಡಿಜೈರಿನಲ್ಲಿ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು.

ಅಳತೆಪಟ್ಟಿ ಹೇಳಿದ್ದು

ಮೊದಲು ಕಲ್ಪೆಟ್ಟದ ಸಮೀಪದ ಪುಳಿಯಾರ್‌ಮಲದಲ್ಲಿ ಅನಂತನಾಥ ಸ್ವಾಮಿಯ ದರ್ಶನ. ಮಂಜು ಇನ್ನೂ ಕಾಫಿ ಗಿಡಗಳ ಮೇಲೆಯೇ ಇತ್ತು. ದರ್ಶನ ಮುಗಿಸಿ ಹೊರಗೆ ಬಂದಾಗ ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು. ನೋಡಿದವರು ಯಾರೇ ಆದರೂ ಅಂಬಾಸಿಡರ್ ದೊಡ್ಡಣ್ಣ, ಡಿಜೈರ್ ಕಿರಿಯ ತಮ್ಮ ಎನ್ನುವಂತಿತ್ತು.

ತಂದೆಯವರು ಅರವತ್ತು ವರ್ಷ ತಕ್ಕಡಿ ಹಿಡಿದು ಕಾಳುಮೆಣಸು, ಕಾಫಿ ವ್ಯಾಪಾರ ಮಾಡಿದವರು. ಕಣ್ಣಂದಾಜನ್ನು ಅವರು ನಂಬುವುದಿಲ್ಲ. ಹಿಂದಿನ ದಿನವೇ ಮೊಮ್ಮಗನ ಕೈಗೆ ಅಳತೆಪಟ್ಟಿ ಕೊಟ್ಟು ಎರಡನ್ನೂ ಅಳೆಸಿದ್ದರು. ಉದ್ದದಲ್ಲಿ ಅಂಬಾಸಿಡರ್ 4 ಮೀಟರ್ 32 ಸೆಂಟಿಮೀಟರ್, ಡಿಜೈರ್ 4 ಮೀಟರಿಗೆ ಅರ್ಧ ಸೆಂಟಿಮೀಟರ್ ಕಡಿಮೆ. ಒಂದು ಅಡಿಗಿಂತ ತುಸು ಹೆಚ್ಚಿನ ವ್ಯತ್ಯಾಸ. ಎತ್ತರದಲ್ಲಿ ಅಂಬಾಸಿಡರ್ ಸುಮಾರು ಏಳು ಸೆಂಟಿಮೀಟರ್ ಮೇಲು. ಆದರೆ ಅಗಲದಲ್ಲಿ ಡಿಜೈರೇ ಏಳು ಸೆಂಟಿಮೀಟರಿನಷ್ಟು ಹೆಚ್ಚು! ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆದರೆ ಎರಡೂ ಹೆಚ್ಚು ಕಡಿಮೆ ಸಮ. ಎರಡೂ ಎರಡೂವರೆ ಮೀಟರಿಗೆ ತುಸು ಕಡಿಮೆ. ನಡುವಿನ ಅಂತರ ಒಂದೂವರೆ ಸೆಂಟಿಮೀಟರ್ ಅಷ್ಟೆ.

ಹಾಗಾದರೆ ಒಂದು ದೊಡ್ಡದಾಗಿಯೂ ಮತ್ತೊಂದು ಚಿಕ್ಕದಾಗಿಯೂ ಕಾಣುವುದೇಕೆ? ಅಂಬಾಸಿಡರಿನ ಎಂಜಿನ್ ಮುಂಭಾಗದಲ್ಲಿ ಉದ್ದಕ್ಕೆ ಮಲಗಿದೆ. ಅದರ ಶಕ್ತಿ ಕಾರಿನ ನಡುವೆ ಹಾದುಹೋಗುವ ಉದ್ದನೆಯ ಕಬ್ಬಿಣದ ದಂಡದ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಡಿಜೈರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಾರೆ. ಅದಕ್ಕೆ ಉದ್ದನೆಯ ಬಾನೆಟ್ಟೂ ಬೇಡ, ಆ ದಂಡವೂ ಬೇಡ. ಉಳಿದ ಜಾಗವೆಲ್ಲ ಕೂರುವವರಿಗೆ. ಹೊರಗಿನ ದೊಡ್ಡಸ್ತಿಕೆ ಕಡಿಮೆ ಮಾಡಿ ಒಳಗಿನ ಅವಕಾಶ ಉಳಿಸಿಕೊಂಡ ಜಾಣತನ ಇದು.

ಆ ಅರ್ಧ ಸೆಂಟಿಮೀಟರಿನ ಕಥೆ ನಮ್ಮ ವ್ಯಾಪಾರಿ ಬಂಧುಗಳಿಗೆ ಹೆಚ್ಚು ರುಚಿಸೀತು. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರ್ ಮೀರದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕವನ್ನು 24ರಿಂದ 16 ಪ್ರತಿಶತಕ್ಕೆ ಇಳಿಸಿದರು. 2008ರಲ್ಲಿ ಬಂದ ಮೊದಲ ಡಿಜೈರ್ 4 ಮೀಟರ್ 16 ಸೆಂಟಿಮೀಟರ್ ಉದ್ದವಿತ್ತು. 2012ರ ಹೊಸ ಮಾದರಿಯಲ್ಲಿ ಡಿಕ್ಕಿಯನ್ನು ಗಿಡ್ಡ ಮಾಡಿ 3995 ಮಿಲಿಮೀಟರಿಗೆ ತಂದರು. ಸರಕಾರದ ಗೆರೆಗೆ ಐದೇ ಮಿಲಿಮೀಟರ್ ಈಚೆ! ಅಂದಿನಿಂದ ಇಂದಿನವರೆಗೆ ಉದ್ದ ಅಷ್ಟೇ ಇದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಚಿಕ್ಕ ಕಾರುಗಳಿಗೆ ಜಿ.ಎಸ್.ಟಿ. 18 ಪ್ರತಿಶತ, ಗೆರೆ ಮೀರಿದ ದೊಡ್ಡ ಕಾರುಗಳಿಗೆ 40 ಪ್ರತಿಶತ. ಮಗ ದೀಪಾವಳಿಯವರೆಗೆ ಕಾದದ್ದು ಏಕೆಂದು ಬೇರೆ ಹೇಳಬೇಕಿಲ್ಲ.

ಮುಂದಿನ ಸೀಟಿನ ಮೂರನೆಯವರು

ಮೀನಂಗಾಡಿ ದಾಟಿ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವಾಗ ತಂದೆಯವರು ಹಳೆಯ ದಿನಗಳನ್ನು ನೆನೆದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಅಚ್ಚಿನಲ್ಲಿ ಅಂಬಾಸಿಡರನ್ನು ಹಿಂದೂಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿದರು. ಅಲ್ಲಿಯ ಲೆಕ್ಕದಲ್ಲಿ ಅದು ಮಧ್ಯಮ ಗಾತ್ರದ ಸಂಸಾರದ ಕಾರು. ನಮ್ಮಲ್ಲಿ ಮಂತ್ರಿಗಳು, ಕಲೆಕ್ಟರರು, ದೊಡ್ಡ ಸಾಹುಕಾರರು ಕೂತು ಓಡಾಡಿದ್ದರಿಂದ ಅದೇ ದೊಡ್ಡ ಕಾರು ಎನಿಸಿಕೊಂಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ದೇಶದ ರಸ್ತೆಗಳ ಚಿತ್ರವೇ ಬದಲಾಯಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ನಿಂತಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಸಂಸ್ಥೆಗೆ 80 ಕೋಟಿ ರೂಪಾಯಿಗೆ ಮಾರಿದರು.

ನಮ್ಮದು ಮಾರ್ಕ್ 3. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಕೈಗೇರು. ಈ ಕೈಗೇರಿನಿಂದಾಗಿ ಮುಂದೆ ನೆಲದಿಂದ ಎದ್ದ ಗೇರುಕೋಲು ಇಲ್ಲ. ಸೀಟು ಒಂದೇ ಹಲಗೆಯಂತೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ. ನಡುವೆ ಮೂರನೆಯವರು ಕೂರಬಹುದು. ನನ್ನ ಬಾಲ್ಯವೆಲ್ಲ ಆ ಮೂರನೆಯ ಜಾಗದಲ್ಲೇ ಕಳೆಯಿತು. ಒಂದು ಕಡೆ ಅಪ್ಪ, ಮತ್ತೊಂದು ಕಡೆ ದೊಡ್ಡಪ್ಪ, ನಡುವೆ ನಾನು. ಯಾವ ಅಂಗಡಿಯವರು ಹಣ ಬಾಕಿ ಇಟ್ಟಿದ್ದಾರೆ, ಮೆಣಸಿನ ಧಾರಣೆ ಎಲ್ಲಿಗೆ ಹೋಗಿದೆ, ಯಾವ ಮೂಟೆಯಲ್ಲಿ ತೇವವಿತ್ತು, ಇವೆಲ್ಲ ನಾನು ಕಲಿತದ್ದು ಅಂಗಡಿಯ ಗಲ್ಲಾದ ಮುಂದಲ್ಲ, ಆ ಸೀಟಿನಲ್ಲಿ. ಡಿಜೈರಿನಲ್ಲಿ ಮುಂದೆ ಎರಡು ಬೇರೆ ಬೇರೆ ಸೀಟು. ಹಿಂದೆ ಕೂತ ಮೊಮ್ಮಗಳಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತದೆ.

ಇದನ್ನು ಹೇಳಿದ ಕೂಡಲೇ ಮತ್ತೊಂದು ಮಾತನ್ನೂ ಹೇಳಬೇಕು. ಆ ಮೂರನೆಯ ಜಾಗದಲ್ಲಿ ಕೂತವನಿಗೆ ಬೆಲ್ಟೂ ಇರಲಿಲ್ಲ, ಏನೂ ಇರಲಿಲ್ಲ. ಎದುರಿಗೆ ಕಬ್ಬಿಣದ ಹಲಗೆ. 2024ರ ನವೆಂಬರಿನಲ್ಲಿ ಬಂದ ಈಗಿನ ಡಿಜೈರಿನಲ್ಲಿ ಆರು ಗಾಳಿಚೀಲಗಳಿವೆ. ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಅದಕ್ಕೆ ಐದು ನಕ್ಷತ್ರ ಬಂದಿದೆ. ದಪ್ಪ ತಗಡಿನ ಕಾರೇ ಗಟ್ಟಿ, ತೆಳು ತಗಡಿನದು ಡಬ್ಬಿ ಎಂದು ನಾವೆಲ್ಲ ಹೇಳಿಕೊಂಡು ಬಂದವರು. ಹೊಸ ಕಾರಿನ ಮೂತಿಯನ್ನು ಮಡಿಸಿಕೊಳ್ಳುವಂತೆಯೇ ಮಾಡಿರುತ್ತಾರೆ. ಏಟನ್ನು ಅದು ತಾನು ತಿಂದು ಒಳಗಿನವರಿಗೆ ಕಡಿಮೆ ಕೊಡುತ್ತದೆ. ಮಡಿಯದ ಗಾಡಿಯ ಏಟು ನೇರವಾಗಿ ಕೂತವರ ಎದೆಗೆ.

1993ರ ರಾತ್ರಿ

ಬತ್ತೇರಿಯಲ್ಲಿ ಹಳೆಯ ಬಸದಿಯ ಮುಂದೆ ಸ್ವಲ್ಪ ನಿಂತೆವು. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಮದ್ದುಗುಂಡು ಇಟ್ಟಿದ್ದರಿಂದ ಊರಿಗೆ ಸುಲ್ತಾನನ ಬ್ಯಾಟರಿ ಎಂಬ ಹೆಸರು ಬಂತಂತೆ. ಈಗ ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲಿನ ಕಂಬಗಳ ನಡುವೆ ಮೊಮ್ಮಗಳು ಓಡಾಡಿದಳು. ಅಲ್ಲಿಂದ ಮುತ್ತಂಗ, ಕೇರಳದ ಗಡಿ, ಮೂಲೆಹೊಳೆ, ಆಮೇಲೆ ಬಂಡೀಪುರದ ಕಾಡು.

ಈ ಕಾಡಿನ ದಾರಿ ಬಂದಾಗಲೆಲ್ಲ ತಂದೆಯವರು ಮಾತು ನಿಲ್ಲಿಸಿಬಿಡುತ್ತಾರೆ. ಕಾರಣ ಮನೆಯ ದೊಡ್ಡವರಿಗೆ ಗೊತ್ತು, ಮಕ್ಕಳಿಗೆ ಹೇಳಿರಲಿಲ್ಲ. ಈಗ ಹೇಳಿದ್ದೇವೆ, ಇಲ್ಲಿ ಬರೆಯಲು ತಂದೆಯವರ ಒಪ್ಪಿಗೆಯೂ ಇದೆ.

1993ರ ಡಿಸೆಂಬರಿನಲ್ಲಿ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ. ಇದೇ ಅಂಬಾಸಿಡರಿನಲ್ಲಿ ಒಂಬತ್ತು ಜನ ಹೋಗಿದ್ದೆವು. ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ, ಪೆಟ್ಟಿಗೆ; ಕಾಲ ಬಳಿ ಕೋಡುಬಳೆ, ಅವಲಕ್ಕಿಯ ಡಬ್ಬಗಳು; ಕಾಯಿಸಿ ಸೋಸಿದ ನೀರಿನ ಹಿತ್ತಾಳೆ ಬಿಂದಿಗೆ. ದಾರಿಯಲ್ಲಿ ರೇಡಿಯೇಟರಿಗೆ ಹಾಕುವ ನೀರನ್ನೂ ಅಮ್ಮ ಬಟ್ಟೆಯಲ್ಲಿ ಸೋಸಿಯೇ ಕೊಡುತ್ತಿದ್ದರು. ಅಭಿಷೇಕದ ದರ್ಶನವಾಯಿತು. ಹಾಲು, ಅರಿಶಿನ, ಚಂದನಗಳು ಸ್ವಾಮಿಯ ಮೈಮೇಲೆ ಹರಿದು ಬಣ್ಣ ಬದಲಾಗುವುದನ್ನು ಕಣ್ತುಂಬ ನೋಡಿದೆವು. ಮಾರನೆಯ ದಿನ ಅಂಗಡಿಗೆ ಸರಕು ಬರುವುದಿತ್ತು. ಉಳಿದುಕೊಳ್ಳಿ ಎಂದು ಪರಿಚಯದವರು ಹೇಳಿದರೂ ಕೇಳದೆ ಸಂಜೆಯಾದ ಮೇಲೂ ಪ್ರಯಾಣ ಮುಂದುವರಿಸಿದೆವು.

ಮೂಲೆಹೊಳೆಗೆ ಇನ್ನೂ ಸ್ವಲ್ಪ ದೂರವಿತ್ತು. ಕತ್ತಲಲ್ಲಿ ಎಡಗಡೆಯಿಂದ ಒಂದು ಜಿಂಕೆ ಹಾರಿತು. ಅಪ್ಪ ಎರಡೂ ಕಾಲಿನಿಂದ ಬ್ರೇಕು ಒತ್ತಿದರು. ಒಂಬತ್ತು ಜನರ, ಇಷ್ಟೆಲ್ಲ ಸಾಮಾನಿನ ಭಾರ ಹೊತ್ತ ಗಾಡಿ ಅಷ್ಟರಲ್ಲಿ ನಿಲ್ಲಲಿಲ್ಲ. ತಪ್ಪು ಗಾಡಿಯದಲ್ಲ; ಹೊತ್ತು ಮೀರಿ ಹೊರಟ ನಮ್ಮದು. ಇಳಿದು ನೋಡುವಾಗ ಅದಕ್ಕೆ ಇನ್ನೂ ಉಸಿರಿತ್ತು. ಅಮ್ಮ ಬಿಂದಿಗೆಯ ನೀರನ್ನು ಅದರ ಬಾಯಿಗೆ ಬಿಟ್ಟು ಣಮೋಕಾರ ಹೇಳುತ್ತಾ ಕೂತರು. ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಂತಿತು. ಮುಂದಿನ ಚೆಕ್‌ಪೋಸ್ಟಿನಲ್ಲಿ ಅರಣ್ಯದವರಿಗೆ ತಿಳಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಮನೆ ಸೇರುವಾಗ ನಡುರಾತ್ರಿ.

ಸ್ವಾಮಿಯ ಅಭಿಷೇಕ ನೋಡಿದ ಕಣ್ಣಿನಲ್ಲೇ ಅದನ್ನೂ ನೋಡಬೇಕಾಯಿತು. ಅಪ್ಪ ಮೂರು ದಿನ ಉಪವಾಸ ಮಾಡಿದರು. ಸೂರ್ಯಾಸ್ತದ ನಂತರ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡರು. ಗಾಡಿ ಓಡಿಸುವುದನ್ನು ಬಿಡುವ ತನಕ ಆ ನಿಯಮ ಮುರಿಯಲಿಲ್ಲ. ರಾತ್ರಿಭೋಜನ ತ್ಯಾಗದ ಜೊತೆಗೆ ನಮ್ಮ ಮನೆಯಲ್ಲಿ ರಾತ್ರಿಪ್ರಯಾಣ ತ್ಯಾಗವೂ ಸೇರಿಕೊಂಡದ್ದು ಹೀಗೆ.

2009ರಲ್ಲಿ ಈ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದರು. ವನ್ಯಮೃಗಗಳು ಚಕ್ರದಡಿ ಸಾಯುವುದನ್ನು ತಪ್ಪಿಸುವುದೇ ಉದ್ದೇಶ. ವಯನಾಡಿನ ವ್ಯಾಪಾರಿಗಳಿಗೆ ಇದರಿಂದ ತೊಂದರೆಯಾದದ್ದು ನಿಜ. ತರಕಾರಿ ಲಾರಿ ಹೊತ್ತಿಗೆ ಬರುವುದಿಲ್ಲ, ಸುತ್ತು ದಾರಿಗೆ ಬಾಡಿಗೆ ಹೆಚ್ಚು. 2019ರಲ್ಲಿ ಬತ್ತೇರಿಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ನನಗೂ ಅಂಗಡಿಯಿದೆ, ನಷ್ಟದ ಲೆಕ್ಕ ನನಗೂ ಗೊತ್ತು. ಆದರೆ ಪ್ರತಿಭಟನೆಗೆ ಹೋಗಲು ನಾನು ಚಪ್ಪಲಿ ಮೆಟ್ಟಿದಾಗ ತಂದೆಯವರು, "ಆ ಜಿಂಕೆಯ ಕಡೆಯಿಂದ ಯಾರು ಹೋಗುತ್ತಾರೆ?" ಎಂದು ಕೇಳಿದರು. ನಾನು ಚಪ್ಪಲಿ ಕಳಚಿದೆ.

ನಿಲ್ಲುವ ವಿದ್ಯೆ

ಈ ಬಾರಿ ನಾವು ಕಾಡು ಹೊಕ್ಕದ್ದು ಬೆಳಿಗ್ಗೆ ಏಳೂವರೆಗೆ. ಮುಂದೆ ಡಿಜೈರ್, ಹಿಂದೆ ಅಂಬಾಸಿಡರ್. ರಸ್ತೆಯಲ್ಲಿ ಉಬ್ಬುಗಳು ಬಹಳ. ಅಂಬಾಸಿಡರ್ ಅವುಗಳನ್ನು ಆನೆಯ ಹಾಗೆ ತೂಗಿಕೊಂಡು ದಾಟುತ್ತದೆ. ಹಿಂದೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, 15 ಅಂಗುಲದ ಚಕ್ರ, ಮೆತ್ತನೆಯ ಸೀಟು. ಅಮ್ಮನ ಮಂಡಿಗೆ ಇದೇ ಹಿತ. ಡಿಜೈರ್ ಪ್ರತಿ ಉಬ್ಬಿನಲ್ಲೂ ಒಮ್ಮೆ ತಗ್ಗಿ, ಕೈಮುಗಿದು ಹೋದಂತೆ ನಿಧಾನಿಸಿ ಹೋಗುತ್ತಿತ್ತು. ಈ ಒಂದು ವಿಷಯದಲ್ಲಿ ಹಳೆಯ ಗಾಡಿಯೇ ಮೇಲು ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅಷ್ಟರಲ್ಲಿ ಬಲಗಡೆಯ ಹುಲ್ಲಿನಿಂದ ಜಿಂಕೆಗಳ ಹಿಂಡು ರಸ್ತೆಗೆ ಇಳಿಯಿತು. ಎರಡು ದಾಟಿದವು. ಮೂರನೆಯದು, ಇನ್ನೂ ಮರಿ, ರಸ್ತೆಯ ನಡುವೆ ನಿಂತುಬಿಟ್ಟಿತು. ಡಿಜೈರಿನ ಹಿಂದಿನ ಕೆಂಪು ದೀಪ ಹೊತ್ತಿತು. ಕಾರು ಆಚೀಚೆ ಜಾರದೆ, ಗೆರೆ ಎಳೆದಂತೆ ನೇರವಾಗಿ ನಿಂತಿತು. ಮರಿಗೂ ಅದಕ್ಕೂ ನಡುವೆ ಎರಡು ಮಾರು ಜಾಗ ಉಳಿದಿತ್ತು. ನಾನು ಹಿಂದಿನಿಂದ ಮೈಯ ಭಾರವನ್ನೆಲ್ಲ ಕಾಲಿಗೆ ಹಾಕಿ ಬ್ರೇಕು ಒತ್ತಿದೆ. 47 ವರ್ಷದ ಗಾಡಿ ಎಡಕ್ಕೆ ಎಳೆಯುತ್ತಾ ಹೋಗಿ, ಮಗನ ಕಾರಿನ ಬಂಪರಿಗೆ ಮೂರು ಬೆರಳು ಅಂತರದಲ್ಲಿ ನಿಂತಿತು. ಇನ್ನಷ್ಟು ದೂರ ಬಿಟ್ಟು ಬರಬೇಕಾಗಿತ್ತು, ನಾನು ಬಿಟ್ಟಿರಲಿಲ್ಲ. ಆ ಬಂಪರಿನ ಹಿಂದಿನ ಗಾಜಿನೊಳಗೆ ಮೊಮ್ಮಗಳ ತಲೆ ಕಾಣುತ್ತಿತ್ತು.

ಮರಿ ಹೋಯಿತು. ತಂದೆಯವರು ನನ್ನ ಕಡೆ ನೋಡಲಿಲ್ಲ. ಅಮ್ಮ ಹಿಂದಿನಿಂದ, "ನಿಧಾನ ಮಗಾ" ಎಂದರು, ಅಷ್ಟೆ.

ಗುಂಡ್ಲುಪೇಟೆಯಲ್ಲಿ ಉಪಾಹಾರಕ್ಕೆ ನಿಂತಾಗ ಮಗ ವಿವರಿಸಿದ. ನಮ್ಮ ಹಳೆಯ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಬಲವೆಲ್ಲ ಕಾಲಿನದೇ. ಹೊಸದರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು; ಜೊತೆಗೆ ಎ.ಬಿ.ಎಸ್. ಎಂಬ ವ್ಯವಸ್ಥೆ. ಗಟ್ಟಿಯಾಗಿ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಅದು ಕ್ಷಣಕ್ಕೆ ಹಲವು ಸಲ ಹಿಡಿದು ಬಿಡುತ್ತದೆ. ಚಕ್ರ ಉರುಳುತ್ತಿದ್ದರೆ ಸ್ಟೇರಿಂಗ್ ಹೇಳಿದ ಮಾತು ಕೇಳುತ್ತದೆ. 2019ರ ಏಪ್ರಿಲಿನಿಂದ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ತಂದೆಯವರು ಕೇಳಿ ಒಂದು ಲೆಕ್ಕ ಹಾಕಿಸಿದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ನೆಲ ದಾಟುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. "ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು ಹೆಜ್ಜೆ ಇಡುತ್ತಾರೆ. ಅದು ಈರ್ಯಾಸಮಿತಿ. ನಡೆಯುವವರಿಗೆ ನಾಲ್ಕು ಮೊಳ ಸಾಕು. ನಮ್ಮಂಥ ಗಾಡಿಯವರಿಗೆ ಎಷ್ಟು ಮೊಳ ಬೇಕೋ ಅಷ್ಟನ್ನು ನೋಡಿಕೊಂಡು ಓಡಿಸಬೇಕು. ನೋಡಿದ ಮೇಲೆ ನಿಲ್ಲಲೂ ಬರಬೇಕು" ಎಂದರು.

ಪೆಟ್ರೋಲಿನ ಖಾತೆ

ಬೇಗೂರು, ನಂಜನಗೂಡು ದಾಟಿ ಮೈಸೂರು ಸೇರುವಾಗ ಹತ್ತೂವರೆ. ಅಲ್ಲಿ ಎರಡೂ ಗಾಡಿಗಳಿಗೆ ಪೆಟ್ರೋಲ್ ಹಾಕಿಸಿದೆವು. ಕಲ್ಪೆಟ್ಟದಿಂದ ಬೆಳಗೊಳಕ್ಕೆ ಸುಮಾರು 225 ಕಿಲೋಮೀಟರ್. ಹೋಗಿ ಬರಲು 450. ಡಿಜೈರಿನ ಕಂಪನಿ ಹೇಳುವುದು ಲೀಟರಿಗೆ 24.79 ಕಿಲೋಮೀಟರ್, ನಮಗೆ ಈ ದಾರಿಯಲ್ಲಿ 20 ಸಿಕ್ಕಿತು. ಅಂಬಾಸಿಡರಿಗೆ 10. ಅಂದರೆ ಒಂದಕ್ಕೆ 45 ಲೀಟರ್, ಇನ್ನೊಂದಕ್ಕೆ 23ಕ್ಕೂ ಕಡಿಮೆ. ಲೀಟರಿಗೆ ನೂರು ರೂಪಾಯಿ ದಾಟಿದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಎಂಜಿನ್ ಶಕ್ತಿ ನೋಡಿದರೆ 1489 ಸಿ.ಸಿ.ಯ ಹಳೆಯದರದು ಸುಮಾರು 50 ಅಶ್ವಶಕ್ತಿ, 1197 ಸಿ.ಸಿ.ಯ ಹೊಸದರದು 80ಕ್ಕೂ ಹೆಚ್ಚು. ಚಿಕ್ಕ ಎಂಜಿನ್, ಹಗುರ ಮೈ, ಹೆಚ್ಚು ಶಕ್ತಿ, ಅರ್ಧ ಖರ್ಚು.

ಮಗ ಗೆದ್ದ ಸಂತೋಷದಲ್ಲಿದ್ದ. ಅಜ್ಜ ನಕ್ಕು, "ತಲೆಗೆ ಎಷ್ಟು ಬಂತು ನೋಡು" ಎಂದರು. 1993ರಲ್ಲಿ ಒಂಬತ್ತು ಜನ, 45 ಲೀಟರ್: ತಲೆಗೆ ಐದು ಲೀಟರ್. ಈಗ ಡಿಜೈರಿನಲ್ಲಿ ಮೂರು ಜನ, ತಲೆಗೆ ಏಳೂವರೆ ಲೀಟರ್! ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆದರೂ ಆ ಲೆಕ್ಕದಲ್ಲಿ ಸತ್ಯವಿದೆ. ಒಂಬತ್ತು ಜನರನ್ನು ತುಂಬುವುದು ಸರಿಯಲ್ಲ, ಕಾನೂನೂ ಒಪ್ಪುವುದಿಲ್ಲ. ಆದರೆ ಐದು ಜನರ ಕಾರಿನಲ್ಲಿ ಒಬ್ಬೊಬ್ಬರೇ ಓಡಾಡಿ ಮೈಲೇಜಿನ ಮಾತಾಡಿದರೆ ಉಳಿತಾಯ ಎಲ್ಲಿಂದ ಬಂತು? ಒಂದೇ ಊರಿನಿಂದ ಒಂದೇ ಮದುವೆಗೆ ನಾಲ್ಕು ಕಾರು ಹೊರಡುವ ಕಾಲ ಇದು.

ಬೆಟ್ಟದ ಬುಡದಲ್ಲಿ

ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ದಾಟಿ, ಕಿಕ್ಕೇರಿಯಿಂದ ಮುಂದೆ ಹೋಗುತ್ತಿದ್ದಂತೆ ಬೆಟ್ಟದ ಮೇಲಿನ ಮೂರ್ತಿ ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಆಗ ಯಾವ ಗಾಡಿಯಲ್ಲಿ ಕೂತಿದ್ದೇವೆ ಎಂಬುದು ಮರೆತುಹೋಗುತ್ತದೆ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಏಕಶಿಲೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಯೇ ಪಾದ ಮುಟ್ಟಬೇಕು. ಚಿಕ್ಕ ಕಾರಿನವರೂ ದೊಡ್ಡ ಕಾರಿನವರೂ ಚಪ್ಪಲಿ ಬಿಟ್ಟು ಒಂದೇ ಕಲ್ಲಿನ ಮೇಲೆ ಕಾಲಿಡಬೇಕು. ಅಮ್ಮ ಡೋಲಿಯಲ್ಲಿ ಹೋದರು. ತಂದೆಯವರು ಈ ಸಲ ಹತ್ತಲಿಲ್ಲ. ಕೆಳಗೆ ಕಲ್ಯಾಣಿಯ ಬಳಿ ಕೂತು ಕೈಮುಗಿದರು.

ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಎಲ್ಲರೂ ಕಲ್ಯಾಣಿಯ ಹತ್ತಿರ ಸೇರಿದೆವು. ಒಂದು ವಿಷಯ ಹೇಳಬೇಕು. ಬೆಂಗಳೂರಿನ ಒಬ್ಬರು ಹಳೆಯ ಕಾರುಗಳನ್ನು ಸಂಗ್ರಹಿಸುವವರು ನಮ್ಮ ಅಂಬಾಸಿಡರಿಗೆ ಒಳ್ಳೆಯ ಬೆಲೆ ಹೇಳಿ ವರ್ಷದಿಂದ ಕೇಳುತ್ತಿದ್ದರು. ನಾನು ಕೊಟ್ಟಿರಲಿಲ್ಲ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಬಿಡಿಭಾಗ ಹುಡುಕಲು ಊರೂರು ಅಲೆಯಬೇಕು, ಆದರೂ ಕೊಡಲಿಲ್ಲ. ಅಪ್ಪನಿಗೆ ನೋವಾದೀತು ಎಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಬಿಡಲಾರದವನು ನಾನು. ಆ ಮೂರನೆಯ ಜಾಗವನ್ನು ಬಿಡಲಾರದವನು.

ತಂದೆಯವರಿಗೆ ಅದು ತಿಳಿದಿತ್ತು. ಬೆಟ್ಟದ ಕಡೆ ನೋಡುತ್ತಾ ಹೇಳಿದರು: "ತತ್ತ್ವಾರ್ಥಸೂತ್ರದ ಪ್ರವಚನದಲ್ಲಿ ಎಷ್ಟು ಸಲ ಕೇಳಿದ್ದೇವೆ. ವಸ್ತು ಪರಿಗ್ರಹವಲ್ಲ, ಅದರ ಮೇಲಿನ ಮೋಹವೇ ಪರಿಗ್ರಹ. ನನ್ನ ವ್ರತಕ್ಕೆ ಅಂಗಳದಲ್ಲಿ ಒಂದು ಕಾರು ಹೆಚ್ಚಾಗಿದೆ. ನಿನಗೆ ಮನಸ್ಸಿನಲ್ಲಿ ಹೆಚ್ಚಾಗಿದೆ. ಇವತ್ತು ಆ ಮರಿ ಉಳಿಯಿತು. ನಿಲ್ಲುವ ಗಾಡಿ ಇಟ್ಟುಕೋ, ಇನ್ನೊಂದನ್ನು ಕೊಟ್ಟುಬಿಡು."

"ಬೆಲೆ ಎಷ್ಟು ಹೇಳಲಿ ಅಪ್ಪ?" ಎಂದೆ.

"ಪೂರ್ತಿ ಬೆಲೆ. ವ್ಯಾಪಾರ ವ್ಯಾಪಾರವೇ. ಆದರೆ ಆ ಹಣ ಅಂಗಡಿಗೆ ಬರಬಾರದು. ಜೀವದಯೆಯ ಕೆಲಸಕ್ಕೆ ಹೋಗಲಿ. 1993ರ ಒಂದು ಬಾಕಿ ಇದೆಯಲ್ಲ."

ಮರಳಿ ಬರುವಾಗ ಅಮ್ಮನನ್ನು ಡಿಜೈರಿನಲ್ಲಿ ಕೂರಿಸಿ ನೋಡಿದೆವು. ಸೀಟು ತಗ್ಗು, ಮಂಡಿ ಬಗ್ಗದು. ಸೊಸೆಯೇ ಉಪಾಯ ಹೇಳಿದಳು: ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ, ಬಾಗಿಲಿನ ಕಡೆಗೆ ಬೆನ್ನು ಮಾಡಿ ಮೊದಲು ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತರುವುದು. ಹಿರಿಯರಿರುವ ಮನೆಗಳಲ್ಲಿ ಇದನ್ನು ಮಾಡಿ ನೋಡಬಹುದು. ಅಮ್ಮ ಗುಂಡ್ಲುಪೇಟೆಯವರೆಗೆ ನಿದ್ದೆ ಮಾಡಿದರು.

ಬೆಳಗೊಳಕ್ಕೆ ಹೊರಡುವ ವಯನಾಡಿನ ಬಂಧುಗಳು ಕಾಡಿನ ಗೇಟಿನ ಹೊತ್ತನ್ನು ನೆನಪಿಟ್ಟುಕೊಳ್ಳಲಿ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನಕ್ಕೆ ದರ್ಶನ, ಸೂರ್ಯಾಸ್ತದ ಮೊದಲು ಊಟ, ರಾತ್ರಿ ಅಲ್ಲೇ ತಂಗಿ ಮರುದಿನ ಬೆಳಕಿನಲ್ಲೇ ಹಿಂದಿರುಗಬಹುದು. ಯಾವ ಕಾರಾದರೂ ಸರಿ, ಮುಂದಿನ ಗಾಡಿಯಿಂದ ದೂರ ಬಿಟ್ಟು ಹೋಗಿ.

ಡಿಸೆಂಬರಿನ ಮೊದಲ ವಾರ ಬೆಂಗಳೂರಿನವರು ಬಂದು ಅಂಬಾಸಿಡರನ್ನು ತೆಗೆದುಕೊಂಡು ಹೋದರು. ಹೊರಡುವ ಮುನ್ನ ರೇಡಿಯೇಟರಿಗೆ ನೀರು ಬೇಕೆಂದರು. ಅಮ್ಮ ಒಳಗೆ ಹೋಗಿ ಬಟ್ಟೆ ತಂದು, ಸೋಸಿ ಕೊಟ್ಟರು.